ಹ್ಯಾಂಡಿಕ್ಯಾಪ್: ಟೋಪಿಯೊಳಗಿನ ಕೈ

ಕುದುರೆ ಪಂದ್ಯದ ಪುಟದಲ್ಲಿ, ಗಾಲ್ಫ್ ಮೈದಾನದಲ್ಲಿ, ಹಳೆಯ ಸರ್ಕಾರಿ ಅರ್ಜಿ ನಮೂನೆಯಲ್ಲಿ ಒಂದೇ ಪದ: ಹ್ಯಾಂಡಿಕ್ಯಾಪ್. ಮೂರು ಕಡೆಯೂ ಅದರ ಕೆಲಸ ಬೇರೆ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಟೋಪಿ ಹಿಡಿದು ಬೇಡಬಹುದೆಂದು ಇಂಗ್ಲೆಂಡಿನ ಏಳನೆಯ ಹೆನ್ರಿ ಅಪ್ಪಣೆ ಕೊಟ್ಟ, ಅದರಿಂದ ಈ ಮಾತು ಬಂತು ಎಂಬ ಕಥೆಯೊಂದು ಚಾಲ್ತಿಯಲ್ಲಿದೆ. ಶುದ್ಧ ಕಟ್ಟುಕಥೆ. ಪದದ ಹುಟ್ಟಿಗೆ ಭಿಕ್ಷೆಯ ನಂಟಿಲ್ಲ, ಅಂಗವೈಕಲ್ಯದ ನಂಟೂ ಇಲ್ಲ. ಅದು ಬಂದದ್ದು ಹೆಂಡದಂಗಡಿಯ ಅದಲುಬದಲು ವ್ಯಾಪಾರದಿಂದ.

'ಹ್ಯಾಂಡ್ ಇನ್ ಕ್ಯಾಪ್', ಅಂದರೆ ಟೋಪಿಯೊಳಗೆ ಕೈ. ನಮ್ಮಲ್ಲಿ ಟೋಪಿ ಎಂದ ಕೂಡಲೇ ಮೋಸ ನೆನಪಾಗುತ್ತದೆ. ಆ ಟೋಪಿ ಮಾತ್ರ ಮೋಸ ತಪ್ಪಿಸಲೆಂದೇ ಇದ್ದದ್ದು. ಒಬ್ಬನ ಬಳಿ ಮೇಲಂಗಿ, ಇನ್ನೊಬ್ಬನ ಬಳಿ ತಲೆಗವುಸು. ಬದಲಾಯಿಸಿಕೊಳ್ಳಬೇಕು, ಆದರೆ ಬೆಲೆ ಸಮವಲ್ಲ. ಮೇಲೆ ಎಷ್ಟು ಕಾಸು ಸೇರಿಸಿ ಕೊಡಬೇಕೆಂದು ಹೇಳಲು ಮೂರನೆಯವನೊಬ್ಬ ಬೇಕು. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಲ್ಯಾಂಗ್ಲೆಂಡನ ಕಾವ್ಯದಲ್ಲಿ ಚಮ್ಮಾರನೂ ಕುದುರೆ ಲಾಯದವನೂ ಹೀಗೇ ಚೌಕಾಸಿ ಮಾಡುತ್ತಾರೆ, ಹಗ್ಗ ಹೊಸೆಯುವವನೊಬ್ಬ ಮಧ್ಯಸ್ಥನಾಗುತ್ತಾನೆ. ಆಗಿನ್ನೂ ಆಟಕ್ಕೆ ಬೇರೆ ಹೆಸರಿತ್ತು. 1660ರ ಸೆಪ್ಟೆಂಬರ್ 18ರಂದು ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್, ತನಗೆ ಅಲ್ಲಿಯವರೆಗೆ ಗೊತ್ತಿರದಿದ್ದ ಹ್ಯಾಂಡಿಕ್ಯಾಪ್ ಎಂಬ ಆಟವನ್ನು ಗೆಳೆಯರ ಜೊತೆ ಆಡಿದ್ದಾಗಿ ಬರೆದುಕೊಂಡ.

ಆಟದ ಜಾಣತನವಿರುವುದು ಮಧ್ಯಸ್ಥನ ಕೂಲಿಯಲ್ಲಿ. ಮೂವರೂ ಟೋಪಿಗೆ ಸಮನಾಗಿ ಕಾಸು ಹಾಕುತ್ತಾರೆ. ಮಧ್ಯಸ್ಥ ತೀರ್ಪು ಹೇಳಿದ ಮೇಲೆ ಉಳಿದಿಬ್ಬರು ಮುಚ್ಚಿದ ಮುಷ್ಟಿಯನ್ನು ಒಟ್ಟಿಗೆ ಬಿಚ್ಚಬೇಕು. ಕೈಯಲ್ಲಿ ಕಾಸಿದ್ದರೆ ಒಪ್ಪಿಗೆ, ಬರಿಗೈಯಾದರೆ ಇಲ್ಲ. ಇಬ್ಬರೂ ಒಪ್ಪಿದರೂ, ಇಬ್ಬರೂ ಒಪ್ಪದಿದ್ದರೂ ಟೋಪಿಯ ಹಣ ಮಧ್ಯಸ್ಥನಿಗೆ. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ವ್ಯಾಪಾರ ಮುರಿದು, ಹಣ ಒಪ್ಪಿದವನಿಗೆ ಹೋಗುತ್ತದೆ. ಹಾಗಾಗಿ ಒಬ್ಬನ ಕಡೆ ವಾಲಿದ ಮಧ್ಯಸ್ಥನಿಗೆ ನಷ್ಟ ಕಟ್ಟಿಟ್ಟದ್ದು. ನ್ಯಾಯವಾಗಿರು ಎಂದು ಯಾರೂ ಉಪದೇಶಿಸಬೇಕಿಲ್ಲ.

ಇದೇ ನಿಯಮ 1754ರಲ್ಲಿ ಜಾನ್ ಪಾಂಡ್ ಎಂಬಾತನ ರೇಸ್ ಕ್ಯಾಲೆಂಡರಿನಲ್ಲಿ ಕಾಣಿಸಿಕೊಂಡಿತು. ಅಂಗಿಯ ಜಾಗಕ್ಕೆ ಕುದುರೆ ಬಂದಿತ್ತು, ಮೇಲೆ ಕೊಡುವ ಕಾಸಿನ ಜಾಗಕ್ಕೆ ಬೆನ್ನಿನ ತೂಕ. ವೇಗದ ಕುದುರೆ ಎಷ್ಟು ಹೆಚ್ಚು ತೂಕ ಹೊತ್ತರೆ ನಿಧಾನದ ಕುದುರೆಗೆ ಸಮವಾದೀತು ಎಂಬುದೇ ಮಧ್ಯಸ್ಥನ ತೀರ್ಪು. 1791ರಲ್ಲಿ ಆಸ್ಕಟ್‌ನಲ್ಲಿ ಓಟ್‌ಲ್ಯಾಂಡ್ಸ್ ಪಂದ್ಯಕ್ಕೆ ಹೀಗೆ ತೂಕ ಹೊತ್ತು ನಿಂತ ಕುದುರೆಗಳು ಹತ್ತೊಂಬತ್ತು. ಗೆದ್ದದ್ದು ಇಂಗ್ಲೆಂಡಿನ ರಾಜಕುಮಾರನ ಕುದುರೆ ಬ್ಯಾರೊನೆಟ್. ಅಷ್ಟು ಹೊತ್ತಿಗೆ ಟೋಪಿ, ಮುಷ್ಟಿ ಎಲ್ಲ ಮರೆಗೆ ಸರಿದು ಹೆಸರು ಮಾತ್ರ ಉಳಿದಿತ್ತು. 1855ರಲ್ಲಿ ಅಡ್ಮಿರಲ್ ರೌಸ್ ಇಂಗ್ಲೆಂಡಿನ ಸಾರ್ವಜನಿಕ ಹ್ಯಾಂಡಿಕ್ಯಾಪರ್, ಅಂದರೆ ತೂಕ ನಿಗದಿ ಮಾಡುವವನು, ಆದಮೇಲಂತೂ ಮಧ್ಯಸ್ಥ ಪೂರ್ತಿ ಅಧಿಕಾರಿಯಾದ.

ತೀರ್ಪಿನ ಹೆಸರು ಬರಬರುತ್ತ ಹೊರೆಯ ಹೆಸರಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಹೊರೆಯನ್ನು ಮನುಷ್ಯರ ಮೈಗೂ ಹೊರಿಸಿದರು. ಇಲ್ಲೊಂದು ತಿರುವುಮುರುವು ಇದೆ: ರೇಸಿನಲ್ಲಿ ಹೆಚ್ಚು ತೂಕ ಬೀಳುವುದು ಬಲಶಾಲಿ ಕುದುರೆಗೆ, ಮಾತಿನಲ್ಲಿ ಅದು ಬಿದ್ದದ್ದು ಬಲ ಕಡಿಮೆಯೆಂದು ಸಮಾಜ ಬಗೆದವರಿಗೆ. ಅಮೆರಿಕ 1975ರ ತನ್ನ ಶಿಕ್ಷಣ ಕಾಯ್ದೆಯ ಹೆಸರಿನಲ್ಲಿದ್ದ ಈ ಪದವನ್ನು 1990ರಲ್ಲಿ ತೆಗೆದುಹಾಕಿತು. ಕರ್ನಾಟಕದ ಇಲಾಖೆ 'ವಿಕಲಚೇತನ' ಎನ್ನುತ್ತದೆ. ಆ ಪದವೂ ನನಗೆ ಪೂರ್ತಿ ಒಪ್ಪಿಗೆಯಲ್ಲ, ಚೇತನಕ್ಕೇನು ಕುಂದು? ಅದು ಬೇರೆಯದೇ ಜಿಜ್ಞಾಸೆ.

ಅಮೆರಿಕದ ರೇಸ್ ಮೈದಾನಗಳಲ್ಲಿ ಪದ ಇನ್ನೊಂದು ಮಗ್ಗುಲಿಗೆ ಹೊರಳಿತು. ಅಲ್ಲಿ ದುಡ್ಡು ಕಟ್ಟುವವನೂ, ಪತ್ರಿಕೆಗೆ ಟಿಪ್ಸ್ ಬರೆಯುವವನೂ ಹ್ಯಾಂಡಿಕ್ಯಾಪರ್ ಎನಿಸಿಕೊಂಡರು. ಕುದುರೆಗಳ ಗೆಲ್ಲುವ ಸಾಧ್ಯತೆಯನ್ನು ತೂಗಿನೋಡುವುದೇ ಹ್ಯಾಂಡಿಕ್ಯಾಪಿಂಗ್ ಆಯಿತು. ಇದನ್ನು ಅರ್ಥ ಕೆಟ್ಟಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹೆಂಡದಂಗಡಿಯ ಮಧ್ಯಸ್ಥನೂ ಮಾಡುತ್ತಿದ್ದದ್ದು ಇದನ್ನೇ: ಎರಡು ವಸ್ತುಗಳ ಅಂತರವನ್ನು ಅಂದಾಜು ಮಾಡಿ, ಆ ಅಂದಾಜಿನ ಮೇಲೆ ತನ್ನ ಕಾಸನ್ನೂ ಇಡುವುದು. ಸಂಬಳದ ಅಧಿಕಾರಿಗಿಂತ ಪಣ ಕಟ್ಟುವವನೇ ಮೂಲಕ್ಕೆ ಹತ್ತಿರದವನು.

ಅವನ ತಕ್ಕಡಿ ಕಾಲಕಾಲಕ್ಕೆ ಬದಲಾಗಿದೆ. 1975ರಲ್ಲಿ ಪತ್ರಕರ್ತ ಆಂಡ್ರ್ಯೂ ಬೇಯರ್ ಒಟ್ಟು ವೇಗದ ಅಂಕಿಗಳನ್ನು ಜನಪ್ರಿಯಗೊಳಿಸಿದ. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೊವಾರ್ಡ್ ಸಾರ್ಟಿನ್ ಎಂಬ ಮನಶ್ಶಾಸ್ತ್ರಜ್ಞ, ಜೂಜಿನ ಚಟ ಹತ್ತಿದವರಿಗೆ ಗೆಲ್ಲುವುದನ್ನು ಕಲಿಸುವುದೇ ಮದ್ದೆಂದು ನಂಬಿ, ಓಟದ ಒಳಗಿನ ವೇಗವನ್ನು ತುಂಡುತುಂಡಾಗಿ ಅಳೆಯತೊಡಗಿದ. ವಿಚಿತ್ರ ವೈದ್ಯ. ಅವನ ಬಳಗದ ಟಾಮ್ ಬ್ರೋಹೇಮರ್ 1991ರಲ್ಲಿ ಆ ಲೆಕ್ಕಕ್ಕೆ ಪುಸ್ತಕದ ರೂಪ ಕೊಟ್ಟ.

ಲೆಕ್ಕ ಹೀಗೆ. ಆರು ಫರ್ಲಾಂಗಿನ ಓಟ, ಅಂದರೆ 3,960 ಅಡಿ. ಒಂದು ಕುದುರೆ ಮೊದಲ ನಾಲ್ಕು ಫರ್ಲಾಂಗನ್ನು 45 ಸೆಕೆಂಡಿನಲ್ಲಿ, ಕೊನೆಯ ಎರಡನ್ನು 26 ಸೆಕೆಂಡಿನಲ್ಲಿ ಮುಗಿಸಿತೆನ್ನಿ. ಇನ್ನೊಂದಕ್ಕೆ 47 ಮತ್ತು 24. ಎರಡರ ಒಟ್ಟು ಸಮಯವೂ 71 ಸೆಕೆಂಡು. ಗಡಿಯಾರವನ್ನಷ್ಟೇ ನೋಡುವವನಿಗೆ ಎರಡೂ ಸಮ. ಆದರೆ ಮೊದಲನೆಯದು ಸೆಕೆಂಡಿಗೆ 58.7 ಅಡಿಯಿಂದ 50.8ಕ್ಕೆ ಇಳಿದಿದೆ, ಎರಡನೆಯದು 56.2ರಿಂದ ಬರೀ 55ಕ್ಕೆ. ಎರಡೂ ಭಾಗದ ವೇಗ ಕೂಡಿಸಿ, ಅದರಲ್ಲಿ ಆರಂಭದ ಪಾಲೆಷ್ಟೆಂದು ನೋಡಿದರೆ ಮೊದಲನೆಯದಕ್ಕೆ ಶೇ. 53.6, ಎರಡನೆಯದಕ್ಕೆ ಶೇ. 50.5. ಒಂದು, ಸಂಬಳ ಬಂದ ವಾರವೇ ಕೈ ಬಿಚ್ಚಿ ಖರ್ಚು ಮಾಡುವ ಸಂಸಾರ; ಇನ್ನೊಂದು, ತಿಂಗಳ ಕೊನೆಗೂ ನಾಲ್ಕು ಕಾಸು ಉಳಿಸಿಕೊಂಡದ್ದು. ಈ ಶೇಕಡಾವಾರನ್ನು ಸಾರ್ಟಿನ್ ಬಳಗದವರು 'ಎನರ್ಜಿ' ಎಂದು ಕರೆದರು. ನಿಜಕ್ಕೆ ಇದು ವೇಗದ ಹಂಚಿಕೆಯೇ ಹೊರತು ಶಕ್ತಿಯ ಅಳತೆಯಲ್ಲ. ಮಾತಿನ ಸಡಿಲಿಕೆ ಇದ್ದರೂ ಲೆಕ್ಕದಲ್ಲಿ ಹುರುಳಿದೆ.

ಯಾಕೆಂದರೆ ಅಧಿಕಾರಿಯ ತೂಕ ವೇಗದ ಈ ಹಂಚಿಕೆಯನ್ನು ಸರಿದೂಗಿಸಲಾರದು. ಮೇಲಿನ ಎರಡು ಕುದುರೆಗಳಿಗೆ ಅವನು ಒಂದೇ ತೂಕ ಕೊಟ್ಟಾನು. ಆದರೆ ಮೊದಲಿಗೇ ನುಗ್ಗುವ ಕುದುರೆ ಪಂದ್ಯದಲ್ಲಿ ಒಂದೇ ಇದ್ದರೆ, ಅದು ಬೇಕಾದ ವೇಗದಲ್ಲಿ ಆರಾಮಾಗಿ ಮುಂದೆ ಸಾಗಿ ಹಾಗೇ ಗೆದ್ದುಬಿಡಬಹುದು. ಅಂಥವು ಮೂರಿದ್ದರೆ ಒಂದನ್ನೊಂದು ದಣಿಸಿ, ಹಿಂದೆ ಕಾದಿದ್ದದ್ದಕ್ಕೆ ದಾರಿ ಬಿಡುತ್ತವೆ. 2022ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ಪಂದ್ಯದಲ್ಲಿ ಆದದ್ದು ಅದೇ. 'ಸಮ್ಮರ್ ಈಸ್ ಟುಮಾರೊ' ಮೊದಲ ಕಾಲು ಮೈಲಿಯನ್ನು 21.78 ಸೆಕೆಂಡಿನಲ್ಲಿ ಓಡಿತು. ಆ ಪಂದ್ಯದ ಚರಿತ್ರೆಯಲ್ಲೇ ಅತಿ ವೇಗದ ಆರಂಭ. ಕೊನೆಗೆ ಇಪ್ಪತ್ತು ಕುದುರೆಗಳಲ್ಲಿ ಇಪ್ಪತ್ತನೆಯದಾಯಿತು. ಗೆದ್ದದ್ದು ಬಹುದೂರ ಹಿಂದೆ ಉಳಿದಿದ್ದ ರಿಚ್ ಸ್ಟ್ರೈಕ್, ಒಂದಕ್ಕೆ ಎಂಬತ್ತರ ದರದಲ್ಲಿ.

ಈ ಲೆಕ್ಕಕ್ಕೂ ಸಿಗದ ಕುದುರೆ ಸೆಕ್ರೆಟೇರಿಯಟ್. 1973ರ ಡರ್ಬಿಯ ಕಾಲು ಮೈಲಿಯ ಐದು ತುಂಡುಗಳಿಗೆ ಅದು ತೆಗೆದುಕೊಂಡ ಸೆಕೆಂಡುಗಳು 25.2, 24, 23.8, 23.4, 23. ಪ್ರತಿ ತುಂಡೂ ಹಿಂದಿನದಕ್ಕಿಂತ ಚುರುಕು. ಉಳಿಸಿ ಓಡುವ ಕುದುರೆ ಎಂದು ಇದರ ಮೇಲೆ ಷರಾ ಬರೆದವನು ಐದು ವಾರ ಕಳೆಯುವುದರೊಳಗೆ ಬೆಪ್ಪಾಗಿರಬೇಕು. ಹನ್ನೆರಡು ಫರ್ಲಾಂಗಿನ ಬೆಲ್ಮಾಂಟ್ ಓಟದ ಮೊದಲರ್ಧವನ್ನು ಅದು 69.8 ಸೆಕೆಂಡಿನಲ್ಲೇ ಸುಟ್ಟುಹಾಕಿ, ಆದರೂ ಕುಸಿಯದೆ 31 ಲೆಂಗ್ತ್ (ಕುದುರೆಯ ಮೈಯುದ್ದ) ಅಂತರದಲ್ಲಿ ಗೆದ್ದಿತು. ಅಂಥ ಕುದುರೆಯ ಮುಂದೆ ಯಾವ ಶೇಕಡಾವಾರೂ ನಿಲ್ಲುವುದಿಲ್ಲ.

ಈ ಅಂಕಿಗಳನ್ನು ಬೆಂಗಳೂರು, ಮೈಸೂರಿಗೆ ಹಾಗೇ ಎತ್ತಿ ತರುವಂತಿಲ್ಲ. ಅವು ಹುಟ್ಟಿದ್ದು ಹೆಚ್ಚಾಗಿ ಅಮೆರಿಕದ ಮಣ್ಣಿನ ಟ್ರ್ಯಾಕಿನಲ್ಲಿ. ಅಲ್ಲಿ ಹಿಂದಿನ ಕುದುರೆಯ ಮುಖಕ್ಕೆ ಮಣ್ಣು ಎರಚುತ್ತದೆ, ಮುಂದಿರುವುದಕ್ಕೆ ಲಾಭ. ನಮ್ಮದು ಹುಲ್ಲು, ಮೊದಲು ತಡೆದು ಕೊನೆಗೆ ಬಿಡುವ ಓಟವೇ ಹೆಚ್ಚು. ಪದವೂ ನಮ್ಮಲ್ಲಿ ಇಂಗ್ಲೆಂಡಿನ ದಾರಿಯನ್ನೇ ಹಿಡಿದಿದೆ: ಹ್ಯಾಂಡಿಕ್ಯಾಪರ್ ಎಂದರೆ ತೂಕ ನಿಗದಿ ಮಾಡುವ ಅಧಿಕಾರಿ, ದುಡ್ಡು ಕಟ್ಟುವವನು ಪಂಟರ್. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ಹೇಳಿದ್ದು, ಇಂಥ ತೂಗಿನೋಟಕ್ಕೆ ಅಲ್ಲಿ ಜಾಗವಿದೆ ಎಂಬ ಕಾರಣಕ್ಕೇ.

ಕೌಶಲ ಇದ್ದರೂ ಟೋಪಿ ಹಿಡಿದವನ ಪಾಲು ತಪ್ಪಿದ್ದಲ್ಲ. ಅಮೆರಿಕದಲ್ಲಿ ಗೆಲುವಿನ ಪಣದ ಒಟ್ಟು ಹಣದಿಂದ ಸಾಮಾನ್ಯವಾಗಿ ಶೇ. 15ರಿಂದ 20ರಷ್ಟನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಹಂಚುತ್ತಾರೆ. ಭಾರತದಲ್ಲಿ 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಗಿದೆ.