ಸ್ಕೈ ಲಿಫ್ಟ್: ಬೀದರ್ ಸೀಮೆಯಲ್ಲಿ ಸುರಕ್ಷಿತ ಬಳಕೆ
ಸ್ಕೈ ಲಿಫ್ಟ್ ಎಂದರೆ ಬೀದಿದೀಪ, ವಿದ್ಯುತ್ ಕಂಬಗಳ ಕೆಲಸಕ್ಕೆ ಕಾರ್ಮಿಕರನ್ನು ಬುಟ್ಟಿಯಲ್ಲಿ ಮೇಲೆತ್ತುವ ಯಂತ್ರ. ಇದರ ಸುರಕ್ಷತೆಯಲ್ಲಿ ಎತ್ತರಕ್ಕಿಂತ ಮೊದಲು ನೋಡಬೇಕಾದದ್ದು ನೆಲ. ಬೀದರ್ ನಗರ ಗಟ್ಟಿ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ, ಔರಾದ್ ಕಡೆ ಹೆಚ್ಚಾಗಿ ಎರೆಮಣ್ಣು. ಅದು ಮಳೆಗೆ ಉಬ್ಬಿ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಯಂತ್ರವನ್ನು ನೆಲಕ್ಕೆ ಊರಿ ನಿಲ್ಲಿಸುವ, 2.5 ಮೀಟರ್ ಅಂತರದ ಜಾಕ್‌ಗಳಲ್ಲಿ ಒಂದು ಬದಿಯದು 7 ಸೆಂ.ಮೀ. ಕುಸಿದರೂ 12 ಮೀಟರ್ ಮೇಲಿನ ಬುಟ್ಟಿ ಸುಮಾರು 34 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಬೆಲ್ಟ್ ಕಟ್ಟಿಕೊಂಡರೆ ಸಾಕಲ್ಲವೇ ಎಂಬ ಮಾತುಂಟು. ಬೆಲ್ಟ್ ಕಟ್ಟಲೇಬೇಕು, ಆದರೆ ಅದು ಬುಟ್ಟಿಯಿಂದ ಬೀಳುವುದನ್ನು ತಡೆಯುತ್ತದೆ, ಯಂತ್ರವೇ ಮಗುಚಿದರೆ ಕಾಯುವುದಿಲ್ಲ. ಹಾಗಾಗಿ ಜಾಕಿನಡಿ ಅಗಲವಾದ ದಪ್ಪ ಹಲಗೆ ಹಾಕಿ, ಮಟ್ಟ ನೋಡಿದ ಮೇಲೆಯೇ ಬುಟ್ಟಿಯ ತೋಳು ಎತ್ತಬೇಕು. ನೆಲ ಗಟ್ಟಿಯಿದ್ದರೂ 11 ಕೆ.ವಿ. ತಂತಿಯ ಅಪಾಯ ತಗ್ಗದು. ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನಿಂದ ಲೈನ್ ಬಂದ್ ಮಾಡಿಸಿ, ಪರೀಕ್ಷಿಸಿ, ಅರ್ಥಿಂಗ್ ಕೊಡಿಸದೆ ಹತ್ತಿರ ಹೋಗಬಾರದು.