ರೂರ್ ಕಣಿವೆ: ಪಠ್ಯಪುಸ್ತಕದ ಆಚೆಗಿನ ಕಥೆ



ಯೂರೋಪ್ ಖಂಡದ ನಕ್ಷೆ ಬರೆದು ಮುಖ್ಯ ಕೈಗಾರಿಕಾ ಪ್ರದೇಶಗಳನ್ನು ಗುರುತಿಸಿರಿ ಎಂಬ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಇನ್ನೂ ನೆನಪಿರಬಹುದು. ಜರ್ಮನಿಯ ಪಶ್ಚಿಮ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, ‘ರೂರ್ ಕಣಿವೆ: ಕಲ್ಲಿದ್ದಲು ಮತ್ತು ಉಕ್ಕು’ ಎಂದು ಬರೆದರೆ ಒಂದು ಅಂಕ ಖಂಡಿತ. ಆ ಒಂದು ಅಂಕದ ಆಚೆಗೆ ನಾವಾರೂ ಹೋಗುತ್ತಿರಲಿಲ್ಲ. ಅದೇ ರೂರ್ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ, ಬೋಟ್ರೋಪ್ ಪಟ್ಟಣದ ಪ್ರೋಸ್ಪರ್-ಹನೀಲ್, 2018ರ ಡಿಸೆಂಬರಿನಲ್ಲಿ ಮುಚ್ಚಿತು. ಒಂದು ನಾಡಿನ ಹೆಸರಿಗೇ ಅಂಟಿಕೊಂಡಿದ್ದ ಕಸುಬು ನಿಂತುಹೋದರೆ ಅಲ್ಲಿನ ಜನ ಏನು ಮಾಡಬೇಕು? ಊರು ಬಿಟ್ಟು ಹೋಗಬೇಕೇ? ಸರ್ಕಾರದ ಕಡೆ ಕೈಚಾಚಿ ಕುಳಿತಿರಬೇಕೇ? ಅಥವಾ ಊರೇ ತನ್ನ ದಾರಿಯನ್ನು ಹುಡುಕಿಕೊಳ್ಳಬೇಕೇ? ಕಳೆದ ಎಪ್ಪತ್ತು ವರ್ಷಗಳ ಯೂರೋಪಿನ ಆರ್ಥಿಕ ಇತಿಹಾಸವು ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಆಗಿದೆ.

ಎರಡನೆಯ ಮಹಾಯುದ್ಧದ ನಂತರ ಆರು ರಾಷ್ಟ್ರಗಳು 1951ರಲ್ಲಿ ಪ್ಯಾರಿಸ್ ನಗರದಲ್ಲಿ ಸಹಿ ಹಾಕಿ ಐರೋಪ್ಯ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯವನ್ನು ಕಟ್ಟಿದವು. ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಬೇರೆ ಕಸುಬು ಕಲಿಸಲು ನೆರವು ನೀಡುವ ವ್ಯವಸ್ಥೆ ಆ ಒಪ್ಪಂದದಲ್ಲಿಯೇ ಇತ್ತು. ಮುಂದೆ 1957ರ ರೋಮ್ ಒಪ್ಪಂದದ ಪೀಠಿಕೆಯು ಪ್ರದೇಶ ಪ್ರದೇಶಗಳ ನಡುವಿನ ಅಂತರವನ್ನು ತಗ್ಗಿಸುವ ಆಶಯವನ್ನು ಹೇಳಿತು. ಆದರೆ ಆಶಯವನ್ನು ನಡೆಸಿಕೊಡುವ ಸಾಧನವೊಂದು ಬೇಕಲ್ಲವೆ? ಅದಕ್ಕಾಗಿ ಹದಿನೆಂಟು ವರ್ಷ ಕಾಯಬೇಕಾಯಿತು. ಮಾರುಕಟ್ಟೆಯೊಂದು ಬೆಳೆದರೆ ಹಿಂದುಳಿದ ಪ್ರದೇಶಗಳೂ ತಾವಾಗಿಯೇ ಮೇಲೆ ಬರುತ್ತವೆ ಎಂಬ ನಂಬಿಕೆ ಆಗ ಬಲವಾಗಿತ್ತು.

ಆ ನಂಬಿಕೆಗೆ ಅಪವಾದವಾಗಿ ನಿಂತಿದ್ದ ದೇಶ ಇಟಲಿ. ಅದರ ಉತ್ತರ ಭಾಗ ಯಂತ್ರೋದ್ಯಮದಿಂದ ಮುಂದುವರಿದಿತ್ತು. ‘ಮೆಝೊಜೊರ್ನೊ’ ಎಂದು ಕರೆಯುವ ದಕ್ಷಿಣ ಭಾಗ ಬಡತನದಲ್ಲಿ ಮುಳುಗಿತ್ತು. 1950ರಲ್ಲಿ ಇಟಲಿಯ ಸರ್ಕಾರ ದಕ್ಷಿಣಕ್ಕೆಂದೇ ಒಂದು ವಿಶೇಷ ನಿಧಿಯನ್ನು ಸ್ಥಾಪಿಸಿತು. ಮೊದಲ ವರ್ಷಗಳಲ್ಲಿ ಅದು ರಸ್ತೆ, ನೀರಾವರಿ, ಕುಡಿಯುವ ನೀರು ಇವುಗಳ ಮೇಲೆ ಹಣ ಹಾಕಿತು. ಅಂತರವೂ ಸ್ವಲ್ಪ ತಗ್ಗಿತು. ಆಮೇಲೆ ಭಾರಿ ಕಾರ್ಖಾನೆಗಳ ಮೋಹ ಹತ್ತಿತು. 1965ರಲ್ಲಿ ಆರಂಭವಾದ ಟರಾಂಟೊ ನಗರದ ಉಕ್ಕಿನ ಕಾರ್ಖಾನೆ ಅದಕ್ಕೆ ದೊಡ್ಡ ನಿದರ್ಶನ. ಎಲ್ಲಿ ಏನು ಕಟ್ಟಬೇಕೆಂಬ ತೀರ್ಮಾನ ರೋಮ್ ನಗರದಲ್ಲಿ ಆಗುತ್ತಿತ್ತು. ಸುತ್ತಲಿನ ಬೇಸಾಯಕ್ಕಾಗಲಿ, ಸಣ್ಣ ಕಸುಬುಗಳಿಗಾಗಲಿ ಸಂಬಂಧವೇ ಇಲ್ಲದೆ ನಿಂತ ಇಂತಹ ಕಾರ್ಖಾನೆಗಳನ್ನು ಇಟಲಿಯವರು ‘ಮರುಭೂಮಿಯ ಮಹಾಮಂದಿರಗಳು’ ಎಂದು ಕರೆದರು. 1970ರ ದಶಕದ ತೈಲ ಬಿಕ್ಕಟ್ಟಿನ ಅನಂತರ ಉತ್ತರ ದಕ್ಷಿಣಗಳ ಅಂತರ ತಗ್ಗುವುದು ನಿಂತೇಹೋಯಿತು. 1984ರಲ್ಲಿ ಆ ನಿಧಿಯೂ ಮುಚ್ಚಿತು.

1973ರಲ್ಲಿ ಬ್ರಿಟನ್, ಐರ್ಲೆಂಡ್ ಮತ್ತು ಡೆನ್ಮಾರ್ಕ್ ಸಮುದಾಯವನ್ನು ಸೇರಿದವು. ಬ್ರಿಟನ್ನಿಗೆ ಸೊರಗುತ್ತಿದ್ದ ಹಳೆಯ ಕೈಗಾರಿಕಾ ಪ್ರದೇಶಗಳ ಚಿಂತೆ, ಐರ್ಲೆಂಡಿಗೆ ಬಡತನದ ಚಿಂತೆ. ಇವರೊಂದಿಗೆ ಇಟಲಿಯೂ ದನಿಗೂಡಿಸಿತು. ಅದರ ಫಲವಾಗಿ 1975ರಲ್ಲಿ ಐರೋಪ್ಯ ಪ್ರಾದೇಶಿಕ ಅಭಿವೃದ್ಧಿ ನಿಧಿ ಹುಟ್ಟಿತು. ಆದರೆ ಹೆಸರಿಗೆ ಪ್ರಾದೇಶಿಕವಾದರೂ ಅದರ ಕೀಲಿಕೈ ರಾಷ್ಟ್ರ ಸರ್ಕಾರಗಳ ಸೊಂಟದಲ್ಲಿಯೇ ಇತ್ತು. ಯಾವ ದೇಶಕ್ಕೆ ಶೇಕಡಾ ಎಷ್ಟು ಎಂಬುದು ಮೊದಲೇ ನಿಗದಿ. ಯೋಜನೆಗಳನ್ನು ಆರಿಸುವುದು ರಾಜಧಾನಿಯವರು. ಬಂದ ಹಣವನ್ನು ಹಿಂದುಳಿದ ಪ್ರದೇಶಕ್ಕೆ ಹೆಚ್ಚುವರಿಯಾಗಿ ಕೊಡದೆ, ತಾವೇ ಖರ್ಚು ಮಾಡಬೇಕಾಗಿದ್ದ ಹಣಕ್ಕೆ ಬದಲಾಗಿ ತೋರಿಸಿ ಕೈತೊಳೆದುಕೊಳ್ಳುವ ಅಭ್ಯಾಸವೂ ಬೆಳೆಯಿತು.

ಇದನ್ನು ಬದಲಿಸಿದ್ದು 1988ರ ಸುಧಾರಣೆ. ಆಗ ಐರೋಪ್ಯ ಆಯೋಗದ ಅಧ್ಯಕ್ಷರಾಗಿದ್ದವರು ಫ್ರಾನ್ಸಿನ ಜಾಕ್ ಡೆಲೋರ್. ಗ್ರೀಸ್, ಸ್ಪೇನ್, ಪೋರ್ಚುಗಲ್ ದೇಶಗಳು ಆಗಷ್ಟೇ ಒಳಬಂದಿದ್ದವು. ಗಡಿಗಳಿಲ್ಲದ ಏಕ ಮಾರುಕಟ್ಟೆಗೆ ಸಿದ್ಧತೆ ನಡೆದಿತ್ತು. ಬಲಿಷ್ಠರೂ ದುರ್ಬಲರೂ ಒಂದೇ ಕಣಕ್ಕೆ ಇಳಿಯುವಾಗ ದುರ್ಬಲರಿಗೆ ಮೊದಲು ಮೈಗೂಡಿಸುವುದು ನ್ಯಾಯ ಎಂಬುದು ಡೆಲೋರ್ ಅವರ ವಾದ. ಈ ನಿಧಿಗಳ ಮೊತ್ತವನ್ನು 1993ರ ವೇಳೆಗೆ ಇಮ್ಮಡಿಗೊಳಿಸಲಾಯಿತು. ಅದಕ್ಕಿಂತ ಮುಖ್ಯವಾದುದು ನಿಯಮಗಳ ಬದಲಾವಣೆ. ಬಿಡಿ ಯೋಜನೆಗಳ ಬದಲು ಹಲವು ವರ್ಷಗಳ ಕಾರ್ಯಕ್ರಮವೊಂದನ್ನು ರೂಪಿಸಬೇಕು; ಅದನ್ನು ರೂಪಿಸುವಾಗ ಪ್ರಾದೇಶಿಕ ಮತ್ತು ಸ್ಥಳೀಯ ಆಡಳಿತಗಳೂ ಪಾಲುದಾರರಾಗಬೇಕು; ಐರೋಪ್ಯ ಹಣವು ದೇಶದ ಹಣಕ್ಕೆ ಸೇರ್ಪಡೆಯಾಗಬೇಕೇ ಹೊರತು ಬದಲಿಯಾಗಬಾರದು. ತಲಾ ಉತ್ಪನ್ನವು ಸಮುದಾಯದ ಸರಾಸರಿಯ ಶೇಕಡಾ 75ಕ್ಕಿಂತ ಕಡಿಮೆ ಇರುವ ಪ್ರದೇಶಗಳಿಗೆ ಹೆಚ್ಚಿನ ಪಾಲು. ಇಲ್ಲಿ ಗಮನಿಸಬೇಕಾದುದೆಂದರೆ ಅಳತೆಗೋಲು ದೇಶವಲ್ಲ, ಪ್ರದೇಶ. ಇಡೀ ಇಟಲಿಯ ಸರಾಸರಿ ನೋಡಿದರೆ ಮಿಲಾನ್ ನಗರದ ಸಂಪತ್ತಿನ ನೆರಳಿನಲ್ಲಿ ಕಲಾಬ್ರಿಯದ ಬಡತನ ಕಾಣುವುದೇ ಇಲ್ಲ.

1994ರಲ್ಲಿ ಪ್ರದೇಶಗಳ ಮತ್ತು ನಗರಗಳ ಚುನಾಯಿತ ಪ್ರತಿನಿಧಿಗಳ ಸಮಿತಿಯೊಂದು ಬ್ರಸೆಲ್ಸ್ ನಗರದಲ್ಲಿ ಮೊದಲ ಬಾರಿಗೆ ಸೇರಿತು. ಅದಕ್ಕೆ ಸಲಹೆ ನೀಡುವ ಅಧಿಕಾರ ಮಾತ್ರ ಉಂಟು, ಆದರೂ ಮೇಯರುಗಳ ಮಾತಿಗೆ ಒಂದು ವೇದಿಕೆಯಾಯಿತು. 2021ರಿಂದ 2027ರವರೆಗಿನ ಅವಧಿಯಲ್ಲಿ ಒಕ್ಕೂಟದ ಬಜೆಟ್ಟಿನ ಸುಮಾರು ಮೂರನೆಯ ಒಂದು ಭಾಗ ಈ ನೀತಿಗೆ ಮೀಸಲು. ಪ್ರಾದೇಶಿಕ ನಿಧಿಯ ಕನಿಷ್ಠ ಶೇಕಡಾ 8 ಭಾಗ ನಗರಾಭಿವೃದ್ಧಿಗೆ ಹೋಗಬೇಕೆಂಬ ನಿಯಮವೂ ಇದೆ.

ಈಗ ನಮ್ಮ ರೂರ್ ಕಣಿವೆಗೆ ಬರೋಣ. 1958ರಲ್ಲಿಯೇ ಅಗ್ಗದ ತೈಲ ಮತ್ತು ಆಮದು ಕಲ್ಲಿದ್ದಲಿನ ಪೈಪೋಟಿಯಿಂದ ಅಲ್ಲಿ ಗಣಿಗಳ ಅವನತಿ ಆರಂಭವಾಗಿತ್ತು. ಹೊಸ ಉದ್ಯಮ ತರೋಣವೆಂದರೆ ಜಮೀನು ಸಿಗದು. ಕಾರ್ಮಿಕರು ಬೇರೆಯವರ ಬಳಿ ಹೋದಾರೆಂದು ಗಣಿ ಕಂಪನಿಗಳು ಭೂಮಿಯನ್ನು ಮಾರದೆ ಹಿಡಿದಿಟ್ಟುಕೊಂಡಿದ್ದವು. ಉತ್ತರ ರೈನ್-ವೆಸ್ಟ್‌ಫಾಲಿಯಾ ರಾಜ್ಯ ಸರ್ಕಾರ ಎರಡು ಕೆಲಸ ಮಾಡಿತು. ಮೊದಲನೆಯದು ವಿದ್ಯೆ. ಅಷ್ಟು ಲಕ್ಷ ಜನರಿದ್ದ ಆ ಸೀಮೆಯಲ್ಲಿ ಆಗ ಒಂದು ವಿಶ್ವವಿದ್ಯಾಲಯವೂ ಇರಲಿಲ್ಲ. ಬೋಖುಮ್ ನಗರದಲ್ಲಿ 1965ರಲ್ಲಿಯೂ ಡಾರ್ಟ್‌ಮಂಡ್ ನಗರದಲ್ಲಿ 1968ರಲ್ಲಿಯೂ ವಿಶ್ವವಿದ್ಯಾಲಯಗಳು ಬಾಗಿಲು ತೆರೆದವು. ಗಣಿಗಾರರ ಮಕ್ಕಳು ಮನೆಯಿಂದಲೇ ಓದಲು ಹೋಗುವಂತಾಯಿತು. ಎರಡನೆಯದು, ಹಾಳುಬಿದ್ದ ಕೈಗಾರಿಕಾ ಭೂಮಿಯನ್ನು ಸರ್ಕಾರವೇ ಕೊಂಡು, ಶುದ್ಧಗೊಳಿಸಿ, ಹೊಸ ಬಳಕೆಗೆ ಕೊಡುವ ನಿಧಿ.

ಎಂಶರ್ ನದಿಯ ಕಥೆಯಂತೂ ಪಾಠವಾಗಿ ಹೇಳಬೇಕಾದದ್ದು. ಗಣಿ ಅಗೆದಂತೆಲ್ಲ ಮೇಲಿನ ನೆಲ ಕುಸಿಯುತ್ತಿದ್ದುದರಿಂದ ಅಲ್ಲಿ ನೆಲದಡಿ ಕೊಳಚೆ ಕೊಳವೆ ಹಾಕಿದರೆ ಒಡೆದುಹೋಗುತ್ತಿದ್ದವು. ಆದ್ದರಿಂದ ನದಿಯನ್ನೇ ಕಾಂಕ್ರೀಟಿನ ತೆರೆದ ಚರಂಡಿಯನ್ನಾಗಿ ಮಾಡಿದ್ದರು. ಗಣಿಗಾರಿಕೆ ಉತ್ತರದ ಕಡೆಗೆ ಸರಿದು ನೆಲ ಸ್ಥಿರವಾದ ಮೇಲೆ, 1992ರಿಂದ, ನದಿಯ ಪಕ್ಕದಲ್ಲಿ 51 ಕಿಲೋಮೀಟರ್ ಉದ್ದದ ಮುಖ್ಯ ಕೊಳವೆಮಾರ್ಗ ಸೇರಿದಂತೆ ನೂರಾರು ಕಿಲೋಮೀಟರ್ ಕಾಲುವೆಗಳನ್ನು ನೆಲದಡಿ ಕಟ್ಟಿದರು. ಸುಮಾರು 550 ಕೋಟಿ ಯೂರೋ ವೆಚ್ಚವಾಯಿತು. 2021ರ ಕೊನೆಗೆ ಆ ನದಿಗೆ ಕೊಳಚೆ ಹರಿಯುವುದು ಪೂರ್ಣವಾಗಿ ನಿಂತಿತು. ಈ ಮಧ್ಯೆ 1989ರಿಂದ 1999ರವರೆಗೆ ಹದಿನೇಳು ಪಟ್ಟಣಗಳು ಕೂಡಿ ನಡೆಸಿದ ಕಾರ್ಯಕ್ರಮದಲ್ಲಿ ಹಳೆಯ ಕುಲುಮೆಗಳು ಉದ್ಯಾನಗಳಾದವು, ಗ್ಯಾಸ್ ತೊಟ್ಟಿ ಪ್ರದರ್ಶನ ಮಂದಿರವಾಯಿತು. ಎಸ್ಸೆನ್ ನಗರದ ಝೋಲ್‌ಫೆರೈನ್ ಗಣಿ 2001ರಲ್ಲಿ ವಿಶ್ವ ಪರಂಪರೆಯ ತಾಣವೆನಿಸಿತು. ಇದರಿಂದ ಎಲ್ಲರ ಕಷ್ಟವೂ ಪರಿಹಾರವಾಯಿತೆಂದು ಭಾವಿಸಬೇಡಿ. ಬೋಖುಮ್ ನಗರಕ್ಕೆ ಆಸರೆಯಾಗಿ ಬಂದ ಓಪೆಲ್ ಕಾರ್ಖಾನೆ 2014ರಲ್ಲಿ ಮುಚ್ಚಿತು. ಗೆಲ್ಸೆನ್‌ಕಿರ್ಖೆನ್ ಪಟ್ಟಣದಲ್ಲಿ ನಿರುದ್ಯೋಗ ಇಂದಿಗೂ ಜರ್ಮನಿಯಲ್ಲಿಯೇ ಅತಿ ಹೆಚ್ಚಿನದರಲ್ಲಿ ಒಂದು.

ಸ್ಪೇನಿನ ಬಿಲ್ಬಾವೊ ನಗರವೂ ಹೀಗೆಯೇ ಉಕ್ಕು ಮತ್ತು ಹಡಗುಕಟ್ಟೆಗಳನ್ನು ಕಳೆದುಕೊಂಡ ಊರು. 1997ರಲ್ಲಿ ಅಲ್ಲಿ ತೆರೆದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯವೊಂದೇ ಆ ನಗರವನ್ನು ಎತ್ತಿತೆಂದು ಹಲವರು ಬರೆಯುತ್ತಾರೆ. ಆದರೆ ಅದಕ್ಕೆ ಮೊದಲೇ ಹೊಲಸಾಗಿದ್ದ ನದಿಯ ಶುದ್ಧೀಕರಣ ಆರಂಭವಾಗಿತ್ತು, 1995ರಲ್ಲಿ ಮೆಟ್ರೋ ಓಡಿತ್ತು, ಕೇಂದ್ರ ಮತ್ತು ಬಾಸ್ಕ್ ಆಡಳಿತಗಳು ಸಮಪಾಲಿನಲ್ಲಿ ಕಟ್ಟಿದ ಸಂಸ್ಥೆಯೊಂದು 1992ರಿಂದ ರೈಲ್ವೆ ಮತ್ತು ಬಂದರಿನ ಹಳೆಯ ಜಮೀನುಗಳನ್ನು ಹಸನುಗೊಳಿಸುತ್ತಿತ್ತು. ತಮ್ಮ ತೆರಿಗೆಯನ್ನು ತಾವೇ ವಸೂಲು ಮಾಡುವ ವಿಶೇಷ ಹಕ್ಕು ಬಾಸ್ಕ್ ಪ್ರಾಂತ್ಯಗಳಿಗೆ ಇದ್ದುದರಿಂದ ತೀರ್ಮಾನ ತೆಗೆದುಕೊಳ್ಳಲು ಅವರು ರಾಜಧಾನಿಯ ಮುಖ ನೋಡಬೇಕಾಗಿರಲಿಲ್ಲ.

2009ರಲ್ಲಿ ಒಂದು ದೊಡ್ಡ ವಾದ ಎದ್ದಿತು. ಅಭಿವೃದ್ಧಿ ಎಲ್ಲಿ ಆಗುತ್ತದೋ ಅಲ್ಲಿಗೆ ಜನ ಹೋಗಲಿ, ಹಿಂದುಳಿದ ಊರುಗಳಿಗೆ ಉದ್ಯಮವನ್ನು ಎಳೆದು ತರುವುದು ವ್ಯರ್ಥ ಎಂಬ ಧಾಟಿ ಆ ವರ್ಷದ ವಿಶ್ವಬ್ಯಾಂಕ್ ವರದಿಯದು. ಅದೇ ವರ್ಷ ಇಟಲಿಯ ಅರ್ಥಶಾಸ್ತ್ರಜ್ಞ ಫ್ಯಾಬ್ರಿಜಿಯೊ ಬಾರ್ಕಾ ಐರೋಪ್ಯ ಆಯೋಗಕ್ಕೆ ಕೊಟ್ಟ ವರದಿ ಬೇರೆ ಮಾತು ಹೇಳಿತು: ಪ್ರತಿ ಸ್ಥಳಕ್ಕೂ ಅದರದೇ ಆದ ಶಕ್ತಿ ಮತ್ತು ತಿಳಿವಳಿಕೆ ಇವೆ, ಅದನ್ನು ಹೊರಗಿನ ನೆರವಿನೊಡನೆ ಕೂಡಿಸಬೇಕು. ಮೊದಲನೆಯ ವಾದದಲ್ಲಿ ಲೆಕ್ಕ ಸರಿ ಇರಬಹುದು. ಆದರೆ ಊರು ಬಿಡಬಲ್ಲವರು ಓದಿದವರು, ಯುವಕರು. ಉಳಿಯುವವರು ಮುದುಕರು, ಮನೆ ಮಾರಲಾಗದವರು. ಅವರ ಲೆಕ್ಕ ಯಾರು ಇಡಬೇಕು?

ಎರಡನೆಯ ವಾದಕ್ಕೂ ಒಂದು ಕಠಿಣ ಪರೀಕ್ಷೆ ಎದುರಾಯಿತು. ದಕ್ಷಿಣ ವೇಲ್ಸ್ ಪ್ರದೇಶದ ಎಬು ವೇಲ್ ಪಟ್ಟಣದ ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಆ ಸೀಮೆಗೆ ಐರೋಪ್ಯ ನಿಧಿಯಿಂದ ಸಾಕಷ್ಟು ಹಣ ಬಂದಿತ್ತು. ಆದರೂ 2016ರ ಜನಮತಗಣನೆಯಲ್ಲಿ ಆ ಪಟ್ಟಣವಿರುವ ಬ್ಲೈನೌ ಗ್ವೆಂಟ್ ಪ್ರದೇಶದ ಶೇಕಡಾ 62 ಮಂದಿ ಒಕ್ಕೂಟವನ್ನು ಬಿಡಬೇಕೆಂದು ಮತ ಹಾಕಿದರು. ಇದನ್ನು ಕೃತಘ್ನತೆ ಎಂದವರುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ರಸ್ತೆಯೂ ಕಟ್ಟಡವೂ ಬಂದುವು, ಆದರೆ ಕಾರ್ಖಾನೆ ಕೊಡುತ್ತಿದ್ದ ಸಂಬಳವೂ ಗೌರವವೂ ಮರಳಿ ಬರಲಿಲ್ಲ. ಕೊಟ್ಟದ್ದನ್ನು ಸೂಚಿಸುವ ಫಲಕ ನೆಟ್ಟರೆ ಸಾಲದು. ಏನು ಬೇಕೆಂದು ಕೇಳಿದವರುಂಟೇ ಎಂಬುದೂ ಮುಖ್ಯ.

ಟರಾಂಟೊ, ಎಸ್ಸೆನ್, ಬಿಲ್ಬಾವೊ, ಎಬು ವೇಲ್ ಇವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ಹಣವನ್ನು ದೂರದಿಂದ ಕಳಿಸಬಹುದು, ಕಳಿಸಲೂ ಬೇಕು; ಬಡ ಸೀಮೆಗೆ ನಿನ್ನ ಕಾಲ ಮೇಲೆ ನೀನು ನಿಲ್ಲು ಎಂದು ಬರಿಗೈಯಲ್ಲಿ ಹೇಳುವುದು ನಿರ್ದಯ. ಆದರೆ ಆ ಹಣದಿಂದ ಏನು ಮಾಡಬೇಕೆಂಬ ತೀರ್ಮಾನದಲ್ಲಿ ಅಲ್ಲಿನವರು ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಮತ್ತು ಫಲಕ್ಕೆ ಐದು ವರ್ಷ ಸಾಲದು. ಎಂಶರ್ ನದಿ ತಿಳಿಯಾಗಲು ಮೂವತ್ತು ವರ್ಷ ಬೇಕಾಯಿತು.

ನಿಮ್ಮಲ್ಲಿ ಕೆಲವರು ಈಗ ಆ ದೇಶಗಳಲ್ಲಿಯೇ ನೆಲೆಸಿದ್ದೀರಿ. ರಜೆಯಲ್ಲಿ ಅವಕಾಶವಾದರೆ ಎಂಶರ್ ದಂಡೆಯ ಮೇಲೆ ಒಮ್ಮೆ ನಡೆದು ಬನ್ನಿ. ಅಲ್ಲಿನ ಹಿರಿಯರೊಬ್ಬರನ್ನು ಮಾತನಾಡಿಸಿ, ಅವರು ಏನು ಹೇಳಿದರೆಂದು ನನಗೆ ಬರೆಯಿರಿ.