ನೀರುಗಂಟಿ, ಕೊಳಗ ಮತ್ತು ಸಮಾಜವಾದ

ಕೆರೆಯ ತೂಬು ಎತ್ತಿ ಗದ್ದೆಯಿಂದ ಗದ್ದೆಗೆ ನೀರು ಹಂಚುವವನಿಗೆ ನಮ್ಮ ಕಡೆ ನೀರುಗಂಟಿ ಎಂದು ಹೆಸರು. ಈ ನೀರುಗಂಟಿ ಕಾರ್ಲ್ ಮಾರ್ಕ್ಸ್‌ನ ‘ಬಂಡವಾಳ’ದಲ್ಲಿಯೂ ಕಾಣಿಸಿಕೊಳ್ಳುತ್ತಾನೆಂದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಚ್ಚುಕಟ್ಟಿನ ರೈತರು ನಕ್ಕಾರು. ಆದರೆ ಮಾತು ನಿಜ. 1867ರಲ್ಲಿ ಹೊರಬಂದ ಆ ಗ್ರಂಥದ ಮೊದಲ ಸಂಪುಟದಲ್ಲಿ ಭಾರತದ ಹಳ್ಳಿಯ ವರ್ಣನೆಯೊಂದಿದೆ. ಊರಗೌಡ, ಲೆಕ್ಕ ಬರೆಯುವವನು, ಕಾವಲಿನವನು, ಕಮ್ಮಾರ, ಬಡಗಿ, ಕುಂಬಾರ, ಕ್ಷೌರಿಕ, ಅಗಸ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಊರೊಟ್ಟಿನ ಕೆರೆಯಿಂದ ನೀರು ಹಂಚುವವನೂ ಇದ್ದಾನೆ. ಈ ವಿವರಗಳಿಗಾಗಿ ಮಾರ್ಕ್ಸ್ ಅಡಿಟಿಪ್ಪಣಿಯಲ್ಲಿ ಹೆಸರಿಸಿರುವ ಪುಸ್ತಕಗಳಲ್ಲಿ ಒಂದು ಮಾರ್ಕ್ ವಿಲ್ಕ್ಸ್ ಬರೆದ ದಕ್ಷಿಣ ಭಾರತದ ಇತಿಹಾಸ. ವಿಲ್ಕ್ಸ್ ಟಿಪ್ಪುವಿನ ಪತನಾನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. ಮೈಸೂರು ಸೀಮೆಯ ಆಯಗಾರರು ಹೀಗೆ ಲಂಡನ್ನಿನ ಗ್ರಂಥಾಲಯವನ್ನು ಹೊಕ್ಕರು.

ಆಯಗಾರರ ಹಳ್ಳಿ ಹೊರಗಿನವರನ್ನು ಹೆಚ್ಚು ನೆಚ್ಚಿದ ಹಳ್ಳಿಯಲ್ಲ. ನೇಗಿಲು, ಮಡಕೆ, ಕಂಬಳಿ ಎಲ್ಲವೂ ಊರಲ್ಲೇ ಆಗುತ್ತಿತ್ತು. ಕೂಲಿ ಹಣದ ರೂಪದಲ್ಲಿರದೆ ಸುಗ್ಗಿಯ ಕಣದಲ್ಲಿ ‘ಆಯ’ವಾಗಿ ಸಲ್ಲುತ್ತಿತ್ತು. ಇಂಥ ಸ್ವಾವಲಂಬಿ ಸಮುದಾಯಗಳಿಗೆ, ಅಂದರೆ ಪಶ್ಚಿಮದವರು ಕಮ್ಯೂನ್ ಎಂದು ಕರೆದ ಕೂಡುಬಾಳಿನ ನೆಲೆಗಳಿಗೆ, ಸಮಾಜವಾದವನ್ನು ತರುವ ಶಕ್ತಿ ಇದೆಯೇ? ಇದು ಪುಸ್ತಕದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಒಂದು ಕಾಲಕ್ಕೆ ಸಮಾಜವಾದಿಗಳ ಸೀಮೆ ಎನಿಸಿಕೊಂಡ ಈ ಭಾಗದಲ್ಲಿ ಇದನ್ನು ಕೇಳಿಕೊಳ್ಳದೆ ವಿಧಿಯಿಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಸಮಾಜವಾದಿಯಾಗಿಯೇ 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದವರು. ಶಿವಮೊಗ್ಗ ಜಿಲ್ಲೆಯ ಚನ್ನಗಿರಿ, ಹೊನ್ನಾಳಿಗಳನ್ನೂ ಚಿತ್ರದುರ್ಗದ ಜಗಳೂರನ್ನೂ ಒಂದೇ ಜಿಲ್ಲೆಗೆ ತಂದದ್ದೂ ಅವರು ಮುಖ್ಯಮಂತ್ರಿಯಾಗಿದ್ದ 1997ರಲ್ಲೇ.

ಮಾರ್ಕ್ಸ್‌ನ ಉತ್ತರ ಒಂದೇ ಆಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1853ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆಯುವಾಗ ಆತ ಭಾರತದ ಹಳ್ಳಿಗಳ ಬಗ್ಗೆ ಕಠಿಣವಾಗಿದ್ದ. ನೋಡಲು ಸಾಧುವಾದ ಈ ಹಳ್ಳಿಗಳೇ ನಿರಂಕುಶ ಪ್ರಭುತ್ವಕ್ಕೆ ಬುನಾದಿ, ಜಾತಿಭೇದ ಅವುಗಳ ಒಳಗೇ ಇದೆ ಎಂದ. ಆದರೆ 1881ರಲ್ಲಿ ರಷ್ಯಾದ ವೇರಾ ಜಾಸುಲಿಚ್ ಎಂಬ ಕ್ರಾಂತಿಕಾರಿ ಹೆಣ್ಣುಮಗಳು, ‘ನಮ್ಮ ರೈತರ ಕೂಡುಹಳ್ಳಿ ಅಳಿಯಲೇಬೇಕೆ?’ ಎಂಬರ್ಥದ ಪತ್ರ ಬರೆದಾಗ ಮುದುಕ ಮಾರ್ಕ್ಸ್ ತಡಕಾಡಿದ. ಕರಡಿನ ಮೇಲೆ ಕರಡು ಬರೆದು ಕೊನೆಗೆ ಚಿಕ್ಕದೊಂದು ಉತ್ತರ ಕಳಿಸಿದ. ಆ ಹಳ್ಳಿ ಹೊಸ ಸಮಾಜಕ್ಕೆ ಆಧಾರವಾಗಬಲ್ಲದು, ಆದರೆ ಅದನ್ನು ಸುತ್ತಲಿಂದ ಹಿಂಡುತ್ತಿರುವ ಶಕ್ತಿಗಳನ್ನು ಮೊದಲು ತೊಲಗಿಸಬೇಕು ಎಂಬುದು ಅದರ ಸಾರ. ನಮ್ಮಲ್ಲಿ ಗಾಂಧೀಜಿ ಗ್ರಾಮಸ್ವರಾಜ್ಯದ ಮೇಲೆ ಭರವಸೆಯಿಟ್ಟರು. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಈ ಹೊಗಳಿಕೆಯನ್ನು ನಿಷ್ಠುರವಾಗಿ ತಳ್ಳಿಹಾಕಿದರು. ಊರ ಹೊರಗಿನ ಕೇರಿಯಿಂದ ನೋಡಿದವರಿಗೆ ಸ್ವಾವಲಂಬನೆಯ ಬೆಲೆಯನ್ನು ಯಾರು ತೆತ್ತರೆಂಬುದು ಗೊತ್ತಿತ್ತು. ಆಯದ ರಾಶಿಯಲ್ಲಿ ಎಲ್ಲರಿಗೂ ಪಾಲಿತ್ತು, ನಿಜ. ಆದರೆ ಯಾರ ಪಾಲು ಎಷ್ಟು, ಯಾರು ಎಲ್ಲಿ ನಿಂತು ಪಡೆಯಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಹುಟ್ಟು.

ಈ ಪ್ರಶ್ನೆ ಪುಸ್ತಕ ಬಿಟ್ಟು ಗದ್ದೆಗೆ ಇಳಿದದ್ದು ಕಾಗೋಡಿನಲ್ಲಿ. ಸಾಗರ ತಾಲ್ಲೂಕಿನ ಆ ಹಳ್ಳಿ ನಮ್ಮ ಹೊನ್ನಾಳಿಗೆ ಆಗ ಒಂದೇ ಜಿಲ್ಲೆಯ ನೆಂಟ. ಗೇಣಿ ಮಾಡುತ್ತಿದ್ದ ದೀವರು ತಮ್ಮ ಅನ್ನ ತಾವೇ ಬೆಳೆಯುತ್ತಿದ್ದರು. ದುಡಿಮೆಯ ಸ್ವಾವಲಂಬನೆಗೆ ಅವರಲ್ಲಿ ಕೊರತೆ ಇರಲಿಲ್ಲ. ಆದರೆ ಗೇಣಿ ಅಳೆಯುವ ಕೊಳಗ ಒಡೆಯರದು, ಅದು ಇರಬೇಕಾದುದಕ್ಕಿಂತ ದೊಡ್ಡದು ಎಂಬುದು ರೈತರ ದೂರು. ವರ್ಷವಿಡೀ ದುಡಿದು ಬೆಳೆದ ಭತ್ತ ಒಂದು ಕೊಳಗದ ಬಾಯಲ್ಲಿ ಕರಗಿಹೋಗುವಾಗ ಸ್ವಾವಲಂಬನೆ ಎಂಬ ಮಾತಿಗೆ ಏನರ್ಥ? ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳಾದರು. ಉಳಬಾರದೆಂದ ಗದ್ದೆಗೆ ನೇಗಿಲು ಹೊತ್ತು ಇಳಿಯುವುದು, ಪೊಲೀಸರು ಹಿಡಿದರೆ ಜೈಲಿಗೆ ಹೋಗುವುದು. ಇದೇ ಅವರ ಕ್ರಮ. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಲೋಹಿಯಾ ಅವರಿಗೆ ಮೂರು ಮಾತುಗಳ ಸೂತ್ರವೊಂದಿತ್ತು: ಗುದ್ದಲಿ, ಮತ, ಜೈಲು. ಗುದ್ದಲಿ ಎಂದರೆ ರಚನಾತ್ಮಕ ಕೆಲಸ: ಕೆರೆ ಹೂಳೆತ್ತುವುದು, ರಸ್ತೆ ಮಾಡುವುದು, ಕೂಡಿ ದುಡಿಯುವುದು. ಮತ ಎಂದರೆ ಚುನಾವಣೆ. ಜೈಲು ಎಂದರೆ ಅನ್ಯಾಯಕ್ಕೆ ಎದುರು ನಿಲ್ಲುವುದು. ಸ್ವಾವಲಂಬಿ ಕಮ್ಯೂನ್ ಎಂಬುದು ಈ ಮೂರರಲ್ಲಿ ಗುದ್ದಲಿಯೊಂದನ್ನೇ ಹಿಡಿದು ನಿಂತ ಪ್ರಯೋಗ. ಅಷ್ಟರಿಂದಲೇ ಕೊಳಗದ ಗಾತ್ರ ಬದಲಾಗುವುದಿಲ್ಲ ಎಂಬುದನ್ನು ಕಾಗೋಡು ತೋರಿಸಿತು. ಆಗಿನ ಹೋರಾಟಕ್ಕೂ ಕೂಡಲೇ ಜಯ ಸಿಗಲಿಲ್ಲ. ಮುಂದಿನ ವರ್ಷವೇ ಗೋಪಾಲಗೌಡರು ವಿಧಾನಸಭೆಗೆ ಆಯ್ಕೆಯಾದರು, ಅಲ್ಲಿ ವರ್ಷಗಟ್ಟಲೆ ಗೇಣಿದಾರರ ಮಾತೆತ್ತಿದರು, 1972ರಲ್ಲಿ ತೀರಿಕೊಂಡರು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿದಾರರು ‘ಫಾರಂ 7’ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ಸಾಲುಗಟ್ಟಿದರು. ಹೋರಾಟ ಶುರುಮಾಡಿದವರು ಒಬ್ಬರು, ಕಾನೂನು ಮಾಡಿದವರು ಇನ್ನೊಬ್ಬರು. ಚರಿತ್ರೆಯಲ್ಲಿ ಇದೇನೂ ಹೊಸತಲ್ಲ.

ಹಾಗಾದರೆ ಕೂಡುಬಾಳಿನ ಪ್ರಯೋಗಗಳೆಲ್ಲ ವ್ಯರ್ಥವೇ? ಬ್ರಿಟನ್ನಿನ ಗಿರಣಿ ಮಾಲೀಕ ರಾಬರ್ಟ್ ಓವೆನ್ 1825ರಲ್ಲಿ ಅಮೆರಿಕದಲ್ಲಿ ಕಟ್ಟಿದ ‘ನ್ಯೂ ಹಾರ್ಮನಿ’ ಎಂಬ ಸಮಾನತೆಯ ಊರು ಎರಡೇ ವರ್ಷದಲ್ಲಿ ಜಗಳವಾಡಿ ಮುರಿದುಬಿತ್ತು. ಮಾದರಿ ತೋರಿಸಿದರೆ ಲೋಕ ಹಿಂಬಾಲಿಸುತ್ತದೆ ಎಂದು ಆತ ನಂಬಿದ್ದ. ಲೋಕ ಹಿಂಬಾಲಿಸಲಿಲ್ಲ. ಇದಕ್ಕೆ ಭಿನ್ನವಾದದ್ದು ಗಾಂಧೀಜಿ 1910ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಹತ್ತಿರ ಕಟ್ಟಿದ ಟಾಲ್‌ಸ್ಟಾಯ್ ಫಾರಂ. ಗೆಳೆಯ ಕಾಲೆನ್‌ಬಾಕ್ ಬಿಟ್ಟುಕೊಟ್ಟ 1,100 ಎಕರೆಯಲ್ಲಿ ಅಡುಗೆ, ಬಡಗಿ ಕೆಲಸ, ಚಪ್ಪಲಿ ಹೊಲಿಯುವುದು ಎಲ್ಲವೂ ನಿವಾಸಿಗಳದೇ. ಆದರೆ ಅದು ಲೋಕಕ್ಕೆ ಮಾದರಿಯಾಗಲೆಂದು ಹುಟ್ಟಿದ್ದಲ್ಲ. ಸತ್ಯಾಗ್ರಹ ಮಾಡಿ ಜೈಲಿಗೆ ಹೋದವರ ಹೆಂಡಿರು ಮಕ್ಕಳು ಉಪವಾಸ ಬೀಳಬಾರದೆಂದು ಹುಟ್ಟಿದ್ದು. ಒಲೆ ಉರಿಯುತ್ತದೆಂಬ ನಂಬಿಕೆ ಇದ್ದರೆ ಮಾತ್ರ ಬಡವ ಬಹುದಿನ ಜೈಲಿನಲ್ಲಿ ಇರಬಲ್ಲ. ನನಗನ್ನಿಸುವಂತೆ ಸ್ವಾವಲಂಬಿ ಕಮ್ಯೂನಿನ ನಿಜವಾದ ಉಪಯೋಗ ಇಲ್ಲಿದೆ. ಅದು ಹೋರಾಟದ ಬದಲಿಗೆ ಬರುವ ವಸ್ತುವಲ್ಲ, ಹೋರಾಟದ ಹಿಂದಿರುವ ಕಣಜ.

1974ರ ಕಾನೂನು ಒಡೆಯನನ್ನು ತೆಗೆದುಹಾಕಿತು, ಆದರೆ ಕಣಜವನ್ನು ಕಟ್ಟಲಿಲ್ಲ. ಪ್ರತಿಯೊಬ್ಬ ಗೇಣಿದಾರನೂ ತನ್ನ ತುಂಡು ಜಮೀನಿನ ಮಾಲೀಕನಾದ. ಬೀಜ, ಗೊಬ್ಬರ, ಸಾಲದ ಬಡ್ಡಿ ಇವುಗಳ ಮುಂದೆ ಒಬ್ಬೊಬ್ಬನೇ ನಿಂತ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆದಾಗ, ಮಾರುವವನೂ ಒಬ್ಬನೇ ನಿಂತು ಮಾರಬೇಕಾಯಿತು.

ಕೂಡುಬಾಳು ಇತ್ತು, ಕಾನೂನು ಇರಲಿಲ್ಲ ಎಂಬುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಈಚೆಗೆ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯಲ್ಲಿ ಅಲ್ಲಿಗೆ ದೂರದ ರಾಜ್ಯಗಳಿಂದಲೂ ಜನ ಬರುತ್ತಾರೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ಈ ಜನರ ತಾಂಡಾಕ್ಕೆ ತನ್ನದೇ ನಾಯಕ, ಕಾರಭಾರಿ, ತನ್ನದೇ ನ್ಯಾಯಪಂಚಾಯಿತಿ ಇದ್ದವು. ರೈಲು ಬಂದು ಎತ್ತಿನ ಹೇರನ್ನು ಕಸಿದುಕೊಂಡಿತು. 1871ರ ನಂತರ ಅಲೆಮಾರಿಗಳನ್ನೆಲ್ಲ ಅನುಮಾನದಿಂದ ನೋಡುವ ‘ಅಪರಾಧಿ ಬುಡಕಟ್ಟು’ ಕಾಯ್ದೆಯೂ ಬಂತು. ಕಾಡಂಚಿನಲ್ಲಿ, ಗೋಮಾಳದಲ್ಲಿ ನೆಲೆ ನಿಂತ ತಾಂಡಾಗಳು ತಲೆಮಾರುಗಳ ಕಾಲ ಕಂದಾಯ ದಾಖಲೆಯಲ್ಲಿ ಊರೇ ಅಲ್ಲ. ಒಗ್ಗಟ್ಟಿತ್ತು, ಹಾಡು ಇತ್ತು, ನಾಯಕನ ಮಾತಿಗೆ ಬೆಲೆ ಇತ್ತು. ಮನೆಯ ಅಡಿಯ ನೆಲ ಮಾತ್ರ ತಮ್ಮದಾಗಿರಲಿಲ್ಲ. ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಲ್ಲಿ ವಾಸಿಸುವವನೇ ಮನೆಯ ನೆಲದೊಡೆಯ ಎಂಬ ತಿದ್ದುಪಡಿಯನ್ನು ಭೂಸುಧಾರಣಾ ಕಾಯ್ದೆಗೆ ತಂದ ಕಂದಾಯ ಮಂತ್ರಿ ಕಾಗೋಡು ತಿಮ್ಮಪ್ಪನವರು. ಹೆಸರಿನಲ್ಲೇ ಆ ಊರು ಇದೆ. ಅರ್ಥಾತ್ 1951ರ ನೇಗಿಲಿನ ಗೆರೆ ಅರುವತ್ತು ವರ್ಷ ದಾಟಿ ತಾಂಡಾದ ಬಾಗಿಲಿಗೆ ಬಂತು. ಆದರೂ ಹಕ್ಕುಪತ್ರ ಹೊಟ್ಟೆ ತುಂಬಿಸುವುದಿಲ್ಲ. ಈ ಭಾಗದ ತಾಂಡಾಗಳಿಂದ ಕಾಫಿ ತೋಟಗಳಿಗೆ ಕೂಲಿಗೆ ಹೋಗುವುದು ಇನ್ನೂ ನಿಂತಿಲ್ಲ.

ಕೊನೆಗೆ ನೀರಿನ ಮಾತು. ಪ್ರತಿ ಊರೂ ತನ್ನ ಕಾಲ ಮೇಲೆ ನಿಲ್ಲಲಿ ಎನ್ನುವುದು ಕೇಳಲು ಚೆಂದ. ಆದರೆ ಊರುಗಳ ಕಾಲ ಕೆಳಗಿನ ನೆಲ ಒಂದೇ ಅಲ್ಲ. ಚನ್ನಗಿರಿಗೆ ಹರಿದ್ರಾ ಹಳ್ಳಕ್ಕೆ ಕಟ್ಟಿದ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ, ಅಡಿಕೆ ಇದೆ. ಹೊನ್ನಾಳಿಗೆ ತುಂಗಭದ್ರೆಯೇ ಇದ್ದಾಳೆ. ಜಗಳೂರಿಗೆ ಬರ ಇದೆ. ಈ ಮೂರೂ ಸ್ವಾವಲಂಬಿಗಳಾಗಿ ‘ತಾನಾಯಿತು, ತನ್ನ ಪಾಡಾಯಿತು’ ಎಂದು ಇದ್ದುಬಿಟ್ಟರೆ ಜಗಳೂರು ಬಡವಾಗಿಯೇ ಉಳಿಯುತ್ತದೆ. ಇದನ್ನು ಸಮಾಜವಾದ ಎನ್ನಲಾಗದು. ನಾಲೆಯ ಮೇಲ್ಭಾಗದವರು ಪಂಪ್ ಇಟ್ಟು ನೀರೆಳೆದರು, ಕೊನೆಯ ಭಾಗಕ್ಕೆ ಮುಟ್ಟಲಿಲ್ಲ ಎಂಬ ಕೂಗು ಬೇಸಿಗೆ ಬಂದರೆ ತಪ್ಪದು. ಒಂದೇ ನಾಲೆಯೊಳಗೇ ಹೀಗಾದರೆ ತಾಲ್ಲೂಕುಗಳ ನಡುವೆ ಹೇಳುವುದೇನು? ಹಂಚುವ ಕೈ ಊರಿಗಿಂತ ದೊಡ್ಡದಿರಬೇಕು. ಆದರೆ ಊರಿಗೆ ಉತ್ತರ ಹೇಳದಷ್ಟು ದೊಡ್ಡದಾಗಬಾರದು. 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆಸಿ ಅಬ್ದುಲ್ ನಜೀರ್ ಸಾಬ್ ಅವರು ಕಟ್ಟಿದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ಇಂಥ ಕೈಯೊಂದನ್ನು ಹುಡುಕಿದ ಪ್ರಯತ್ನ. ಅಲ್ಲಿ ಹೆಣ್ಣುಮಕ್ಕಳಿಗೆ ಶೇ 25ರ ಮೀಸಲಾತಿಯೂ ಇತ್ತು. ಹಳೆಯ ಆಯಗಾರರ ಊರಿನಲ್ಲಿ ಇದು ಊಹೆಗೂ ನಿಲುಕದ ಮಾತು.

ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಸಿರಿಗೆರೆ ಮಠದ ಒತ್ತಾಸೆಯಿಂದ, ಸರ್ಕಾರದ ಹಣದಿಂದ ಬಂದಿದೆ. ಬಹುಕಾಲ ಒಣಗಿದ್ದ ಅಂಗಳಗಳಲ್ಲಿ ಕೆಲವು ನೀರು ಕಂಡಿವೆ. ಇನ್ನು ತೂಬು ಎತ್ತುವವರು ಯಾರು? ಪಿತ್ರಾರ್ಜಿತ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಗೌಡ, ಶಾನುಭೋಗರ ಜೊತೆಗೆ ನೀರುಗಂಟಿಯ ವಂಶಪಾರಂಪರ್ಯ ಹಕ್ಕೂ ಹೋಯಿತು. ಹೋದದ್ದು ಒಳ್ಳೆಯದೇ. ಆ ಜಾಗದಲ್ಲಿ ಯಾರನ್ನು ನಿಲ್ಲಿಸಬೇಕು, ಅವರಿಗೆ ಆಯ ಕೊಡುವವರು ಯಾರು, ಮೊದಲ ನೀರು ಯಾವ ಕೇರಿಯ ಹೊಲಕ್ಕೆ ಎಂಬುದನ್ನು ಆ ಊರುಗಳವರೇ ಒಟ್ಟಿಗೆ ಕೂತು ಗೊತ್ತುಮಾಡಬೇಕಾಗಿದೆ.